ಗಂಟಲಿಗೆ ಸಿಕ್ಕಿದ ಕಣ್ಣು

ನವೆಂಬರ್ ಹತ್ತು,
ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಅಕ್ಕನಿಗೆ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತಾ? ಭಾವ ಮತ್ತೆ ಸಿಗರೇಟು ಶುರು ಮಾಡಿಲ್ಲ ತಾನೆ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಫ್ರಿಜ್ಜಿನ ಮೇಲೆ ಎದ್ದು ಕಾಣುವ ಕಡೆ ಇಟ್ಟುಕೊಂಡೂ ಉತ್ತರ ಬರೆದಿಲ್ಲ. ಎಷ್ಟು ಬೇಕಾದರೂ ಬೈಕೋ. "ಕಾಗದ ಬರೆಯೋಕೆ ಇವಳ ಕೈ ಏನು ಸವೆದು ಹೋಗುತ್ತಾ" ಅಂತ ನೀನು ಗೊಣಗಿದ್ದು ಇಲ್ಲಿಗೇ ಕೇಳಿಸಿದೆ. ಆದರೆ ಈ ಸಲ ಸೋಮಾರಿತನ ಅಲ್ಲ. ಬರೆಯಲು ಕೂತರೆ ಒಂದು ಸಾಲು ಬರೆದು ಕಾಗದ ಹರಿದು ಹಾಕುತ್ತಿದ್ದೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಮಾಡಿದ್ದರೆ ನಿನ್ನ ದನಿ ಕೇಳಿದ ಕೂಡಲೇ ನಾನು ಅತ್ತುಬಿಡುತ್ತಿದ್ದೆ, ನೀನು ಗಾಬರಿಯಾಗಿ ಆ ಮಂಡಿ ಎಳೆದುಕೊಂಡೇ ರೈಲು ಹತ್ತುತ್ತಿದ್ದೆ.

ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಎಲ್ಲರೂ ಬದುಕಿದ್ದೇವೆ. ಇಷ್ಟು ಓದಿ ಒಂದು ಲೋಟ ನೀರು ಕುಡಿದು ಮುಂದೆ ಓದು.

ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಪಾರ್ಲರ್ ಇಟ್ಟುಕೊಂಡಿರುವವಳ ವಿಷಯ ನಿನಗೆ ಬರೆದಿದ್ದೆ. ಸುಮ್ಮನೆ ಕೂತು ಗೊತ್ತಿಲ್ಲದ ಹೆಂಗಸು. ಈ ವರ್ಷ ಹ್ಯಾಲೋವೀನ್ ಪಾರ್ಟಿ ಮಾಡಲೇಬೇಕು ಅಂತ ಹಟ ಹಿಡಿದು ಕೂತಳು. ಹ್ಯಾಲೋವೀನ್ ಅಂದರೆ ಎಲ್ಲರೂ ದೆವ್ವ ಭೂತಗಳ ಹಾಗೆ ವೇಷ ಹಾಕಿಕೊಂಡು ಬಂದು, ಒಬ್ಬರನ್ನೊಬ್ಬರು ಹೆದರಿಸಿ, ತಿಂದು ಕುಡಿದು ಹೋಗುವುದು, ಅಷ್ಟೇ. "ವೇಷ ನಾನು ನೋಡ್ಕೋತೀನಿ, ಬಣ್ಣ ನಾನೇ ಬಳೀತೀನಿ. ಕುಡಿಯೋದು ಮಾತ್ರ ನಿಂದು. ನಿನ್ನ ಆ ಶುಂಠಿ ಬಿಯರ್ ಇಲ್ಲದೆ ನನ್ನ ಪಾರ್ಟಿ ಇಲ್ಲ" ಅಂದಳು. ಹೊಗಳಿದರೆ ನಾನು ಹೇಗೆ ಕರಗುತ್ತೇನೆ ಅಂತ ನಿನಗೆ ಗೊತ್ತಲ್ಲ. ಒಪ್ಪಿಕೊಂಡೆ.

ಹೆಸರಿನಲ್ಲಿ ಬಿಯರ್ ಇದೆ ಅಂತ ಹುಬ್ಬೇರಿಸಬೇಡ. ಮಕ್ಕಳೂ ಕುಡಿಯಬಹುದು. ಶುಂಠಿ ತುರಿದು, ಸಕ್ಕರೆ ಹಾಕಿ ಕುದಿಸಿ, ಆರಿದ ಮೇಲೆ ನಿಂಬೆರಸ ಹಿಂಡಿ, ಚಿಟಿಕೆ ಈಸ್ಟ್ ಬೆರೆಸಿ ಬಾಟಲಿಗೆ ತುಂಬುವುದು. ಕುತ್ತಿಗೆಯವರೆಗೆ ತುಂಬಬಾರದು, ಉಸಿರಾಡಲು ಜಾಗ ಬಿಡಬೇಕು. ಒಂದೆರಡು ದಿನ ಬೆಚ್ಚಗಿನ ಮೂಲೆಯಲ್ಲಿಟ್ಟು, ಆಗಾಗ ಮುಚ್ಚಳ ಸಡಿಲಿಸಿ ಗಾಳಿ ಬಿಟ್ಟರೆ ಸಾಕು, ನೊರೆ ಬುಸ್ಸೆನ್ನುತ್ತದೆ. ಪಾರ್ಟಿಯ ದಿನ ಲೋಟಕ್ಕೆ ಐಸು, ಮೇಲೆ ಕಪ್ಪು ದ್ರಾಕ್ಷಿ ರಸ, ಅದರ ಮೇಲೆ ಈ ಶುಂಠಿ ಬಿಯರ್. ಬೇಕು ಅನ್ನುವ ಗಂಡಸರಿಗೆ, ಹೆಂಗಸರಿಗೂ ಅನ್ನು, ಒಂದು ಗುಟುಕು ರಮ್. ಅದನ್ನು ಬೇರೆ ಮೇಜಿನ ಮೇಲೆ ಇಟ್ಟಿದ್ದೆ. ರಸ ಕೆಳಗೆ ನಿಂತು ಲೋಟ ಅರ್ಧ ನೆತ್ತರಿನ ಹಾಗೆ, ಅರ್ಧ ಹೊಗೆಯ ಹಾಗೆ ಕಾಣುತ್ತಿತ್ತು. ನನಗೇ ಹೆಮ್ಮೆಯಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಪಾರ್ಲರಿನವಳು ಎಲ್ಲೋ ಒಂದು ಚಿತ್ರ ನೋಡಿ ಓಡಿ ಬಂದಳು. ಲೋಟದಲ್ಲಿ ಕಣ್ಣುಗುಡ್ಡೆ ತೇಲಬೇಕಂತೆ. ಡಬ್ಬಿಯಲ್ಲಿ ಬರುವ ಲಿಚಿ ಹಣ್ಣು ಇದೆಯಲ್ಲ, ಬೆಳ್ಳಗೆ, ಜಾರುವ ಹಾಗೆ ಇರುವುದು, ಅದರ ಹೊಟ್ಟೆಯೊಳಗೆ ಕಪ್ಪು ಒಣದ್ರಾಕ್ಷಿ ತುರುಕಿದರೆ ಥೇಟ್ ಕಣ್ಣು. ಬೀಟ್‌ರೂಟ್ ರಸದಲ್ಲಿ ಕಡ್ಡಿ ಅದ್ದಿ ಕೆಂಪು ನರ ಕೂಡ ಎಳೆದೆವು. ನೋಡಿದರೆ ಹೊಟ್ಟೆ ತೊಳಸುವ ಹಾಗಿತ್ತು, ಅಷ್ಟು ಚೆನ್ನಾಗಿತ್ತು. ಮಕ್ಕಳ ಲೋಟಕ್ಕೆ ಮಾತ್ರ ಕಣ್ಣು ಹಾಕಬಾರದು ಅಂತ ನಾನು ಕಟ್ಟುನಿಟ್ಟಾಗಿ ಹೇಳಿದೆ. ಶಿಶುವಿಹಾರದಲ್ಲಿ ಕೆಲಸ ಮಾಡುವವಳಿಗೆ ದುಂಡಗಿನ, ಜಾರುವ ಯಾವ ವಸ್ತು ಕಂಡರೂ ಎದೆ ಹೊಡೆದುಕೊಳ್ಳುತ್ತದೆ. ದೊಡ್ಡವರಿಗೂ ಒಂದು ಗಂಟಲು ಇರುತ್ತದೆ ಅಂತ ತೋಚಲೇ ಇಲ್ಲ.

ಇನ್ನು ನಮ್ಮ ಮನೆಯ ಸಮಾಚಾರ. ಇವರ ಅಣ್ಣ, ಹೆಂಡತಿ ತೀರಿಕೊಂಡ ಮೇಲೆ, ನಮ್ಮ ಜೊತೆಗೇ ಇದ್ದಾರಲ್ಲ. ಮನೆಯಲ್ಲಿ ಎಲ್ಲರಿಗೂ ಅವರು ದೊಡ್ಡವರು. ಅಣ್ಣತಮ್ಮ ಸೇರಿ ಕನ್ನಡಕದ ಅಂಗಡಿ ನಡೆಸುವುದರಿಂದ ಬೀದಿಯವರಿಗೆ ಅವರು ದೊಡ್ಡ ಕನ್ನಡಕ, ಇವರು ಚಿಕ್ಕ ಕನ್ನಡಕ. ನಿನಗೆ ನಾನು ಬರೆಯದೆ ಇದ್ದ ವಿಷಯ ಅಂದರೆ, ಬೇಸಿಗೆಯಿಂದ ನನಗೂ ದೊಡ್ಡವರಿಗೂ ಮಾತಿರಲಿಲ್ಲ.

ಆದದ್ದು ಇಷ್ಟು. ಒಂದು ದಿನ ಅವರು ನೇರವಾಗಿ ನಮ್ಮ ಶಿಶುವಿಹಾರಕ್ಕೆ ಬಂದರು. ನಮ್ಮ ಮೇಲ್ವಿಚಾರಕಿಯ ಎದುರು ಕುರ್ಚಿ ಎಳೆದುಕೊಂಡು ಕೂತು, "ನಮ್ಮನೆ ಹುಡುಗಿ ಮುಂದಿನ ತಿಂಗಳಿಂದ ಬರಲ್ಲ. ಅಂಗಡಿ ಕೌಂಟರಿಗೆ ನಂಬಿಕಸ್ಥರು ಬೇಕು" ಅಂದರು. ನಾನು ಒಳಗೆ ಒಂದು ಮಗುವಿನ ಮೂಗು ಒರೆಸುತ್ತಿದ್ದೆ. ನನ್ನ ಕೆಲಸ ಹೋದ ಸುದ್ದಿ ನನಗೇ ಮೇಲ್ವಿಚಾರಕಿಯಿಂದ ಗೊತ್ತಾಯಿತು. ಅವಳು ಒಳ್ಳೆಯವಳು, "ನಿನ್ನ ಬಾಯಿಂದ ಕೇಳದೆ ನಾನು ಬಿಡಲ್ಲ" ಅಂದಳು, ಕೆಲಸ ಉಳಿಯಿತು. ಆದರೆ ಅವತ್ತು ಮನೆಗೆ ಬಂದು ಅವರ ಮುಂದೆ ನಿಂತು, "ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವಾ ನಿಮಗೆ?" ಅಂದೆ. ಅವರು ಪತ್ರಿಕೆಯ ಹಾಳೆ ಮಗುಚಿದರು. ತಮ್ಮನ ಕಡೆ ತಿರುಗಿ, "ಅವಳಿಗೆ ಹೇಳು, ಮನೆ ಒಳ್ಳೇದಕ್ಕೆ ಹೇಳಿದ್ದು" ಅಂದರು.

ಅಲ್ಲಿಂದ ಇವರು ನಮ್ಮಿಬ್ಬರ ನಡುವೆ ಅಂಚೆಯವರಾದರು. ಒಂದೇ ಅಡುಗೆಮನೆಯಲ್ಲಿ, ಒಂದೇ ಮೇಜಿನ ಎರಡು ಬದಿಗೆ ಕೂತು, "ಅವಳಿಗೆ ಹೇಳು, ಟೀ ತಣ್ಣಗಿದೆ." "ಅವರಿಗೆ ಹೇಳಿ, ಕರೆದಾಗ ಬಂದಿದ್ದರೆ ಬಿಸಿ ಇರ್ತಿತ್ತು." ಇವರು ಆ ಕಡೆ ಈ ಕಡೆ ಕತ್ತು ತಿರುಗಿಸಿ, ಕೊನೆಗೆ ಇಬ್ಬರಿಗೂ ಏನೂ ಹೇಳದೆ ತಮ್ಮ ಟೀ ಕುಡಿದು ಎದ್ದು ಹೋಗುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಮಾತು ಬಿಡುವುದು ಎಷ್ಟು ಸುಲಭ ನೋಡು, ಮತ್ತೆ ಹಿಡಿಯಲು ತುದಿಯೇ ಸಿಗುವುದಿಲ್ಲ.

ಪಾರ್ಟಿಯ ದಿನ ಬೆಳಿಗ್ಗೆ ಖಾರ ಸಾಲದು ಅನ್ನಿಸಿ, ರಸ ಹಿಂಡಿ ಬೆರೆಸಲು ನಾನು ಇನ್ನಷ್ಟು ಶುಂಠಿ ತುರಿಯುತ್ತಿದ್ದೆ. ದೊಡ್ಡವರು ಬಾಗಿಲಲ್ಲಿ ನಿಂತು ಮೂಗು ಹಿಡಿದುಕೊಂಡು, "ಅವಳಿಗೆ ಹೇಳು, ಮನೆಯೆಲ್ಲ ಘಾಟು. ನನಗೆ ತಲೆನೋವು" ಅಂದು ಅಂಗಡಿಗೆ ಹೊರಟುಹೋದರು. ನನಗೆ ಪಿತ್ತ ನೆತ್ತಿಗೇರಿತು. ಇವರ ಮೇಲೆ ಹರಿಹಾಯ್ದೆ. "ನಿಮ್ಮಣ್ಣನ ಮುಖ ನೋಡದೆ ಇರೋ ಒಂದು ದಿನ ಸಿಕ್ಕರೆ ಸಾಕು ನನಗೆ, ಇನ್ನೇನೂ ಬೇಡ ಈ ಜನ್ಮಕ್ಕೆ" ಅಂದೆ. ಇವರು ಶೂ ಹಾಕಿಕೊಂಡು ಅಣ್ಣನ ಹಿಂದೆ ಹೋದರು.

ಸಂಜೆ ಕೆಳಗಿನ ಹಾಲಿನಲ್ಲಿ ನಿಲ್ಲಿಸಿದ್ದ ಸೈಕಲ್ಲುಗಳನ್ನೆಲ್ಲ ಗೋಡೆಗೆ ಒತ್ತರಿಸಿ, ಕಪ್ಪು ಕಾಗದದ ಬಾವಲಿಗಳನ್ನು ತೂಗುಹಾಕಿ, ಬಲ್ಬುಗಳಿಗೆ ಕಿತ್ತಳೆ ಬಣ್ಣದ ಕಾಗದ ಸುತ್ತಿ, ಪಾರ್ಲರಿನವಳು ಜಾಗವನ್ನು ಗುರುತೇ ಸಿಗದ ಹಾಗೆ ಮಾಡಿದ್ದಳು. ನಾನು ಮಾಟಗಾತಿ. ಕಪ್ಪು ಸೀರೆಯನ್ನೇ ಮೇಲಂಗಿಯ ಹಾಗೆ ಸುತ್ತಿ, ರಟ್ಟಿನ ಚೂಪು ಟೋಪಿ, ಕೈಯಲ್ಲಿ ಅಡುಗೆಮನೆಯ ಪೊರಕೆ. ಇವರಿಗೆ ಹಳೇ ಬೆಡ್‌ಶೀಟು ಹರಿದು ತಲೆಯಿಂದ ಪಾದದವರೆಗೆ ಪಟ್ಟಿ ಸುತ್ತಿದ್ದೆ, ಗೋರಿಯಿಂದ ಎದ್ದು ಬಂದ ಹೆಣದ ಹಾಗೆ. ಮಂಡಿ ಮಡಚಲು ಬಾರದೆ ಇವರು ಮೆಟ್ಟಿಲನ್ನು ಒಂದೊಂದಾಗಿ ಜಿಗಿದು ಇಳಿದರು. ಮೂರನೇ ಮಹಡಿಯ ಬಸ್ ಡ್ರೈವರ್ ಕೊರಳಿಗೆ ಹಗ್ಗ ಹಾಕಿಕೊಂಡು ನೇಣು ಬಿದ್ದವನಾಗಿ ಬಂದಿದ್ದ. ಅವನು ಹಾಲಿನ ನಡುವೆ ನಾಲಿಗೆ ಚಾಚಿ, ಕಣ್ಣು ಮೇಲೆ ಮಾಡಿ, ಧಪ್ಪನೆ ಬಿದ್ದು ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದಾದ ಮೇಲೆ ಯಾರು ಚೆನ್ನಾಗಿ ಸಾಯುತ್ತಾರೆ ಅಂತ ಪೈಪೋಟಿಯೇ ಶುರುವಾಯಿತು. ನಾನು ಮೇಜಿನ ಹಿಂದೆ ನಿಂತು ಲೋಟ ತುಂಬುತ್ತಾ ಎಲ್ಲರಿಗೂ ಚಪ್ಪಾಳೆ ತಟ್ಟುತ್ತಿದ್ದೆ.

ಆಗಲೇ ಒಬ್ಬರು ಬಂದರು. ಉದ್ದನೆಯ ಕಪ್ಪು ನಿಲುವಂಗಿ, ಮುಖಕ್ಕೆ ರಬ್ಬರಿನ ತಲೆಬುರುಡೆ, ಬಾಯಿಯ ಹತ್ತಿರ ಮಾತ್ರ ತೆರೆದಿತ್ತು. ಕೈಗೆ ಕೈಗವಸು. ಯಾರು ಅಂತ ತಿಳಿಯಲಿಲ್ಲ. ನನ್ನ ಮೇಜಿನ ಮುಂದೆ ನಿಂತು ಲೋಟದ ಕಡೆ ಬೆರಳು ತೋರಿಸಿದರು. "ಏನು ಯಮರಾಯರೇ, ಬಾಯಿಲ್ಲವಾ?" ಅಂದೆ. ತಲೆ ಅಲ್ಲಾಡಿಸಿದರು. ಒಂದು ಲೋಟ ಕೊಟ್ಟೆ. ಅಲ್ಲೇ ನಿಂತು ಪೂರ್ತಿ ಕುಡಿದು, ಖಾಲಿ ಲೋಟ ಮತ್ತೆ ಚಾಚಿದರು. ನನಗೆ ಖುಷಿಯಾಗಿ, "ನಿಮ್ಮಂಥ ಗಿರಾಕಿ ಬೇಕು ನೋಡಿ" ಅಂತ ಅದನ್ನು ತುಂಬಿ, ಒಂದರ ಬದಲು ಎರಡು ಕಣ್ಣು ಹಾಕಿ ಕೊಟ್ಟೆ. ಬುರುಡೆ ನನಗೆ ತಲೆಬಾಗಿ ನಮಸ್ಕಾರ ಮಾಡಿತು. ನಾನೂ ಪೊರಕೆ ಎತ್ತಿ ನಮಸ್ಕಾರ ಮಾಡಿದೆ. ಆಮೇಲೆ ಅವರು ಕಂಬದ ಹತ್ತಿರ ಹೋಗಿ ನಿಂತರು. ಬೇರೆ ಯಾರ ಜೊತೆಗೂ ಸೇರಲಿಲ್ಲ.

ಅಕ್ಕ, ಇಲ್ಲಿಂದ ಮುಂದಿನದನ್ನು ನಿಲ್ಲಿಸದೆ ಬರೆದುಬಿಡುತ್ತೇನೆ.

ಯಾರೋ "ನೋಡ್ರೋ, ಇವರು ಶುರು ಮಾಡಿದ್ರು!" ಅಂತ ಕೂಗಿದರು. ತಿರುಗಿ ನೋಡಿದರೆ ಬುರುಡೆಯವರು ಎರಡೂ ಕೈಯಲ್ಲಿ ಕೊರಳು ಹಿಡಿದುಕೊಂಡು ಹಾಲಿನ ನಡುವೆ ಬಂದಿದ್ದರು. ಕಾಲು ತಡವರಿಸುತ್ತಿತ್ತು. ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ಒಬ್ಬೊಬ್ಬರ ಕಡೆಗೂ ಒಂದು ಕೈ ಚಾಚುತ್ತಿದ್ದರು. ಎಂಥಾ ನಟನೆ ಅಂತ ಎಲ್ಲರೂ ವೃತ್ತವಾಗಿ ನಿಂತು ಚಪ್ಪಾಳೆ ಹಾಕಿದರು. ಬಸ್ ಡ್ರೈವರ್ ಸಿಳ್ಳೆ ಹೊಡೆದು, "ಇವರ ಮುಂದೆ ನಾನು ಏನೂ ಅಲ್ಲ" ಅಂದ. ಕೆಲವರು ಫೋನ್ ತೆಗೆದು ವಿಡಿಯೋ ಮಾಡಿಕೊಂಡರು. ನಾನೂ ಚಪ್ಪಾಳೆ ತಟ್ಟಿದೆ. ತಟ್ಟಿದೆ ಅಕ್ಕ, ಈ ಎರಡು ಕೈಯಿಂದಲೇ.

ಆಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಡ್ರೈವರ್ ಸತ್ತಾಗ ಗೊರಗೊರ ಸದ್ದು ಮಾಡಿದ್ದ. ಸಾಯುವ ಆಟ ಆಡಿದ ಎಲ್ಲರೂ ಕೂಗಿದ್ದರು, ನರಳಿದ್ದರು. ಇವರಿಂದ ಒಂದು ಸದ್ದೂ ಬರುತ್ತಿರಲಿಲ್ಲ. ಉಸಿರಿನ ಸದ್ದೂ ಇಲ್ಲ. ಶಿಶುವಿಹಾರದಲ್ಲಿ ಪ್ರತಿ ವರ್ಷ ನಮಗೆ ತರಬೇತಿ ಕೊಡಲು ಬರುವ ನರ್ಸಮ್ಮ ಒಂದೇ ಮಾತು ತಲೆಗೆ ಹೊಡೆದ ಹಾಗೆ ಹೇಳುತ್ತಿದ್ದರು: "ಕೆಮ್ಮೋ ಮಗು ಉಸಿರಾಡ್ತಾ ಇರುತ್ತೆ. ಸದ್ದಿಲ್ಲದ ಮಗು ಕಡೆ ಓಡಿ."

ಓಡಿದೆ. ಮೇಜಿಗೆ ಢಿಕ್ಕಿ ಹೊಡೆದು ಜಗ್ಗು ಉರುಳಿದ ಸದ್ದು ಕೇಳಿಸಿತು. ಅವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿನ ಮೇಲೆ ಅಂಗೈಯಲ್ಲಿ ಬಲವಾಗಿ ಗುದ್ದಿದೆ. ಜನ ಇನ್ನೂ ಜೋರಾಗಿ ನಕ್ಕರು. "ಮಾಟಗಾತಿ ಯಮನಿಗೇ ಹೊಡೀತಿದ್ದಾಳೆ!" ನಾನು "ಉಸಿರು ಕಟ್ಟಿದೆ, ಯಾರಾದರೂ ಬನ್ನಿ" ಅಂತ ಕಿರುಚಿದೆ. ಅದನ್ನೂ ಆಟ ಅಂದುಕೊಂಡರು. ಗುದ್ದಿ ಗುದ್ದಿ ಏನೂ ಆಗಲಿಲ್ಲ. ಹಿಂದಿನಿಂದ ಅವರನ್ನು ಬಿಗಿಯಾಗಿ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿ ಇಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು ಒಳಕ್ಕೂ ಮೇಲಕ್ಕೂ ಎಳೆದೆ. ದೊಡ್ಡ ಆಳು. ನನ್ನ ಕಾಲು ನೆಲ ಬಿಟ್ಟು ಮೇಲೇಳುತ್ತಿತ್ತು. ಮತ್ತೆ ಎಳೆದೆ. ಒಳಗೆ ಏನೋ ಲಟಕ್ಕೆಂದಿತು. ಮೂಳೆ ಮುರಿಯಿತು ಅಂತ ಗೊತ್ತಾಯಿತು, ಆದರೂ ಬಿಡಲಿಲ್ಲ. ಮತ್ತೆ ಎಳೆದಾಗ ಅವರ ಬಾಯಿಂದ ಆ ಕಣ್ಣು ಹಾರಿ ನೆಲದ ಮೇಲೆ ಉರುಳಿಕೊಂಡು ಹೋಯಿತು.

ಚಪ್ಪಾಳೆ ಅಂದರೆ ಅಂಥಾ ಚಪ್ಪಾಳೆ. ಅದರ ನಡುವೆಯೇ ಅವರು ನನ್ನ ಕೈಯೊಳಗೆ ಹಸಿ ಬಟ್ಟೆಯ ಹಾಗೆ ಕುಸಿದರು. ಅವರ ಜೊತೆಗೆ ನಾನೂ ನೆಲಕ್ಕೆ ಕೂತೆ. ಮುಖವಾಡದ ಅಂಚಿಗೆ ಉಗುರು ಹಾಕಿ ಎಳೆದೆ. ರಬ್ಬರು ಬೆವರಿಗೆ ಅಂಟಿಕೊಂಡಿತ್ತು, ಸುಲಭಕ್ಕೆ ಬರಲಿಲ್ಲ. ಬಂದಾಗ ಒಳಗೆ ಇದ್ದದ್ದು ದೊಡ್ಡವರ ಮುಖ.

ನೇರಳೆ ಬಣ್ಣಕ್ಕೆ ತಿರುಗಿತ್ತು. ತುಟಿ ಕಪ್ಪಾಗಿತ್ತು. ಕಣ್ಣು ಅರ್ಧ ತೆರೆದಿತ್ತು, ಆದರೆ ನೋಡುತ್ತಿರಲಿಲ್ಲ. ಅಕ್ಕ, ನನಗೆ ಆ ಗಳಿಗೆಯಲ್ಲಿ ಏನೂ ಅನ್ನಿಸಲಿಲ್ಲ. ದುಃಖ, ಭಯ ಯಾವುದೂ ಇಲ್ಲ. ತಲೆಯೊಳಗೆ ಯಾರೋ ಎಲ್ಲ ಸ್ವಿಚ್ಚುಗಳನ್ನು ಒಟ್ಟಿಗೆ ಆರಿಸಿದ ಹಾಗೆ. ಬೆಳಿಗ್ಗೆ ಮೂಗು ಹಿಡಿದುಕೊಂಡು ಬಾಗಿಲಲ್ಲಿ ನಿಂತ ಮನುಷ್ಯ ಇಲ್ಲಿ ಹೇಗೆ? ನನ್ನ ಕೈಯಿಂದ ಎರಡು ಸಲ ಲೋಟ ಇಸಿದುಕೊಂಡದ್ದು, ನನಗೆ ತಲೆಬಾಗಿದ್ದು ಇವರಾ? ಅಷ್ಟರಲ್ಲಿ ಅವರ ಎದೆ ಒಮ್ಮೆ ಜಗ್ಗಿತು. ಹಳೇ ಬಾಗಿಲು ತೆಗೆದ ಹಾಗೆ ಕಿರ್ರೆಂದು ಉಸಿರು ಒಳಗೆ ಹೋಯಿತು. ಚಪ್ಪಾಳೆ ಯಾವಾಗ ನಿಂತಿತೋ ಗೊತ್ತಿಲ್ಲ. ಪಾರ್ಲರಿನವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅಳುತ್ತಿದ್ದಳು. ಬಳಿದ ಬಣ್ಣವೆಲ್ಲ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಇವರು ಕಾಲಿನ ಪಟ್ಟಿ ಕಿತ್ತುಕೊಂಡು ಜನರನ್ನು ಸರಿಸಿ ಓಡಿ ಬಂದರು.

ಬಸ್ ಡ್ರೈವರೇ ಕೊರಳಿನ ಹಗ್ಗವನ್ನೂ ಬಿಚ್ಚದೆ ತನ್ನ ಕಾರಿನಲ್ಲಿ ನಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ "ನಾನು ಸಿಳ್ಳೆ ಹೊಡೆದೆನಲ್ಲಮ್ಮ, ನಾನು ಸಿಳ್ಳೆ ಹೊಡೆದೆನಲ್ಲ" ಅನ್ನುತ್ತಿದ್ದ. ತುರ್ತು ವಿಭಾಗದಲ್ಲಿ ಕೂತಿದ್ದ ಹುಡುಗಿ ತಲೆ ಎತ್ತಿ ನೋಡಿದಳು. ಒಬ್ಬ ನೇಣು ಬಿದ್ದವನು, ಒಬ್ಬ ಹೆಣ, ಒಬ್ಬಳು ಮಾಟಗಾತಿ, ನಡುವೆ ಗಾಲಿಕುರ್ಚಿಯಲ್ಲಿ ಯಮ. ಪಾಪ, ಯಾರನ್ನು ಮೊದಲು ಸೇರಿಸಿಕೊಳ್ಳಬೇಕು ಅಂತ ಅವಳಿಗೆ ತಿಳಿಯಲಿಲ್ಲ. ಬೇರೆ ದಿನವಾಗಿದ್ದರೆ ಇದನ್ನು ನೆನೆಸಿಕೊಂಡು ವರ್ಷಗಟ್ಟಲೆ ನಗುತ್ತಿದ್ದೆವು.

ಡಾಕ್ಟರ್ ಚಿಕ್ಕ ವಯಸ್ಸಿನವಳು. ಪರೀಕ್ಷೆ ಎಲ್ಲ ಆದ ಮೇಲೆ ಹೊರಗೆ ಬಂದು, "ಪಕ್ಕೆಲುಬು ಬಿರುಕು ಬಿಟ್ಟಿದೆ, ಗಂಟಲು ಗಾಯವಾಗಿದೆ. ಜೀವಕ್ಕೆ ಏನೂ ಇಲ್ಲ" ಅಂದಳು. "ಇದನ್ನ ಹೊರಗೆ ತೆಗೆದಿದ್ದು ಯಾರು?" ಅಂತ ಕೇಳಿದಳು. ಇವರು ನನ್ನ ಭುಜದ ಮೇಲೆ ಕೈಯಿಟ್ಟು, "ನನ್ನ ಹೆಂಡತಿ" ಅಂದರು. ಡಾಕ್ಟರ್ ನನ್ನ ಟೋಪಿ ನೋಡಿ, ಮುಖ ನೋಡಿ, "ಆಂಬುಲೆನ್ಸ್ ಬರೋವರೆಗೆ ಕಾಯ್ತಾ ಇದ್ದಿದ್ದರೆ ನಾವು ಬೇರೆ ಮಾತು ಆಡಬೇಕಾಗ್ತಿತ್ತು" ಅಂದಳು. ಆಗ ನಾನು ಟೋಪಿ ತೆಗೆದು ಬೆಂಚಿನ ಮೇಲೆ ಕೂತದ್ದು. ಅಲ್ಲಿಯವರೆಗೆ ನೆಟ್ಟಗೆ ನಿಂತಿದ್ದೆ.

ಮರುದಿನ ಅವರನ್ನು ನೋಡಲು ಒಳಗೆ ಬಿಟ್ಟರು. ದಿಂಬಿಗೆ ಒರಗಿ ಕೂತಿದ್ದರು. ಕನ್ನಡಕ ಇಲ್ಲದ ಅವರ ಮುಖವನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಅನ್ನಿಸುತ್ತದೆ. ಎಷ್ಟು ವಯಸ್ಸಾಗಿದೆ ಅವರಿಗೆ! ನಾನು ಮಂಚದ ಪಕ್ಕ ನಿಂತೆ. ಬೇಸಿಗೆಯಿಂದ ಮೊದಲ ಸಲ ಅವರು ನನ್ನ ಕಡೆಗೇ ತಿರುಗಿ ಮಾತಾಡಿದರು. ದನಿ ಗರಗಸದ ಹಾಗಿತ್ತು.

"ಶುಂಠಿ ಸ್ವಲ್ಪ ಜಾಸ್ತಿಯಾಗಿತ್ತು" ಅಂದರು.

ನಾನು ಅಳಲೂ ಇಲ್ಲ, ನಗಲೂ ಇಲ್ಲ. "ಹಾಗಾದರೆ ಎರಡನೇ ಲೋಟ ಯಾಕೆ ಇಸಿದುಕೊಂಡ್ರಿ?" ಅಂದೆ.

"ನೀನು ನಗ್ತಾ ಕೊಟ್ಟೆಯಲ್ಲ" ಅಂದರು. ಆಮೇಲೆ ಉಸಿರು ತೆಗೆದುಕೊಂಡು, "ಪಾರ್ಲರಿನವಳ ಹತ್ತಿರ ನಾನೇ ಹೋಗಿ ಮುಖವಾಡ ಕೇಳಿದೆ. ಮುಖ ತೋರಿಸಿಕೊಂಡು ಬಂದಿದ್ದರೆ ನೀನು ಲೋಟ ಕೊಡ್ತಿರಲಿಲ್ಲ."

"ಕೊಡ್ತಿದ್ದೆ. ಇವರ ಕೈಲಿ ಕಳಿಸ್ತಿದ್ದೆ, ಅಷ್ಟೇ."

ನಗಲು ಹೋಗಿ ಪಕ್ಕೆ ಹಿಡಿದುಕೊಂಡರು. ನೋವಿಗೆ ಕಣ್ಣಲ್ಲಿ ನೀರು ಬಂತು. ನೋವಿಗೇ ಅಂತ ನಾನೂ ಅಂದುಕೊಂಡೆ, ಅವರೂ ಹಾಗೇ ತೋರಿಸಿಕೊಂಡರು. ಅಷ್ಟರಲ್ಲಿ ಇವರು ಔಷಧಿ ತೆಗೆದುಕೊಂಡು ಒಳಗೆ ಬಂದರು. ದೊಡ್ಡವರು ತಮ್ಮನನ್ನು ನೋಡಿ, "ಇನ್ನು ಇವಳಿಗೆ ಹೇಳೋದನ್ನ ನಾನೇ ಹೇಳ್ತೀನಿ. ನಿನ್ನ ಅಂಚೆ ಕೆಲಸ ಹೋಯ್ತು" ಅಂದರು. ಮತ್ತೆ ನನ್ನ ಕಡೆ ತಿರುಗಿ, "ಶಿಶುವಿಹಾರಕ್ಕೆ ರಜ ಹಾಕಿದೀಯಾ? ಹಾಕಬೇಡ, ಹೋಗು. ಮಕ್ಕಳು ಕಾಯ್ತಿರುತ್ತವೆ" ಅಂದರು. ತಪ್ಪಾಯಿತು ಅನ್ನುವ ಮಾತು ಆ ಮನುಷ್ಯನ ಬಾಯಲ್ಲಿ ಅದಕ್ಕಿಂತ ಹೆಚ್ಚು ಹೊರಡುವುದಿಲ್ಲ. ನನಗೆ ಅಷ್ಟು ಸಾಕಾಯಿತು.

ಈಗ ಮನೆಯಲ್ಲಿದ್ದಾರೆ. ಗಂಜಿಯಂಥ ಮೆತ್ತಗಿನದು ಬಿಟ್ಟು ಬೇರೆ ಏನೂ ತಿನ್ನಬಾರದು. ಅದಕ್ಕೆ ಉಪ್ಪು ಕಡಿಮೆ, ಇದಕ್ಕೆ ಬಿಸಿ ಸಾಲದು ಅಂತ ನೇರವಾಗಿ ನನ್ನ ಜೊತೆಗೇ ಜಗಳ. ಬೀದಿಯಲ್ಲಿ ನಾನು ಈಗ ದೊಡ್ಡ ಮನುಷ್ಯಳು. ತರಕಾರಿ ತೂಗುವವನು ಒಂದು ಹಿಡಿ ಹೆಚ್ಚಿಗೆ ಹಾಕುತ್ತಾನೆ. ಅಂಗಡಿಗೆ ಬಂದವರಿಗೆಲ್ಲ ಇವರು ಆ ಕಥೆಯನ್ನು ಹೇಳುತ್ತಾರಂತೆ, "ನನ್ನ ಹೆಂಡತಿ ಇಲ್ಲದಿದ್ದರೆ" ಅಂತ. ಕನ್ನಡಕದವರಿಗೆ ಕಣ್ಣೇ ಗಂಟಲಿಗೆ ಸಿಕ್ಕಿಕೊಂಡಿತು ಅಂತ ಬೀದಿಯಲ್ಲಿ ಒಂದು ಜೋಕೂ ಹುಟ್ಟಿದೆ. ದೊಡ್ಡವರೇ ಅದನ್ನು ಹೇಳಿ ಪಕ್ಕೆ ಹಿಡಿದುಕೊಳ್ಳುತ್ತಾರೆ. ಮೇಲ್ವಿಚಾರಕಿ ಮಕ್ಕಳ ಮುಂದೆ ನನ್ನನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದಳು. ಆ ಸದ್ದು ಕೇಳಿದ ಕೂಡಲೇ ನಾನು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ. ಚಪ್ಪಾಳೆಯ ಸದ್ದು ನನಗೆ ಇನ್ನು ಮುಂದೆ ಆಗುವುದಿಲ್ಲ ಅನ್ನಿಸುತ್ತದೆ. ಒಬ್ಬ ಮನುಷ್ಯ ಒಬ್ಬೊಬ್ಬರ ಕಡೆಗೂ ಕೈ ಚಾಚಿ ಸಾಯುತ್ತಿದ್ದಾಗ ನಾವೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಅಂದೆವಲ್ಲ ಅಕ್ಕ. ಕೆಟ್ಟವರಲ್ಲ ಯಾರೂ. ಎಲ್ಲರೂ ಒಳ್ಳೆಯವರೇ.

ನೀನು ಮಾತ್ರ ಈ ವಿಷಯಕ್ಕೆ ಗಾಬರಿಯಾಗಿ ಹೊರಡಬೇಡ. ಮಂಡಿ ವಾಸಿಯಾದ ಮೇಲೆ ನಿಧಾನವಾಗಿ ಬಾ, ನಾಲ್ಕು ದಿನ ಇರುವ ಹಾಗೆ ಬಾ. ಭಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಅವಳು ಅಂದುಕೊಂಡದ್ದೆಲ್ಲ ಆಗಲಿ, ನಗುನಗುತ್ತಾ ಇರಲಿ. ನಿನ್ನ ಮನೆಯಲ್ಲಿ ಎಲ್ಲರೂ ಊಟದ ಹೊತ್ತಿಗೆ ಒಟ್ಟಿಗೆ ಕೂತು, ಮುಖಕ್ಕೆ ಮುಖ ಕೊಟ್ಟು ಮಾತಾಡುವ ಹಾಗಿರಲಿ. ಸದ್ಯಕ್ಕೆ ನನಗೆ ಇದಕ್ಕಿಂತ ದೊಡ್ಡ ಹಾರೈಕೆ ಗೊತ್ತಿಲ್ಲ.

ಇಂತು ನಿನ್ನ,
ಬಾಲಂಗೋಚಿ

ತಾ.ಕ. ಕಾಗದವನ್ನು ಲಕೋಟೆಗೆ ಹಾಕಿ, ಅಂಟಿಸುವ ಮೊದಲು ಮತ್ತೆ ಹೊರಗೆ ತೆಗೆದಿದ್ದೇನೆ. ಒಂದು ವಿಷಯ ಬಿಟ್ಟಿದ್ದೆ. ಬರೆಯದಿದ್ದರೆ ನಿನಗೆ ಬರೆದ ಹಾಗೇ ಆಗುವುದಿಲ್ಲ.

ನಾನು ಮುಖವಾಡ ಎಳೆದೆ, ಇವರು ಪಟ್ಟಿ ಕಿತ್ತುಕೊಂಡು ಓಡಿ ಬಂದರು ಅಂತ ಬರೆದೆನಲ್ಲ. ನಾನು ನೆಲದ ಮೇಲೆ ಕೂತಿದ್ದೆ. ದೊಡ್ಡವರ ತಲೆ ನನ್ನ ತೊಡೆಯ ಮೇಲಿತ್ತು. ಇವರು ಬಗ್ಗಿ ಅಣ್ಣನ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಏನಾಯಿತು ಅನ್ನಲಿಲ್ಲ ಅಕ್ಕ. "ಏನು ಕೊಟ್ಟೆ ಅವನಿಗೆ?" ಅಂದರು.

ಕಿರುಚಿ ಕೇಳಿದ್ದರೆ ಗಾಬರಿ ಅಂದುಕೊಂಡು ಮರೆಯುತ್ತಿದ್ದೆ. ಕಿರುಚಲಿಲ್ಲ. ನನ್ನ ಕಿವಿಯ ಹತ್ತಿರ ಬಾಯಿ ತಂದು, ಬೇರೆ ಯಾರಿಗೂ ಕೇಳಿಸದ ಹಾಗೆ, ಮೆಲ್ಲಗೆ ಕೇಳಿದರು. ನನ್ನನ್ನು ಯಾರಿಂದಲೋ ಮುಚ್ಚಿಡಬೇಕು ಅನ್ನುವವರ ಹಾಗೆ. ಬೆಳಿಗ್ಗೆ ನಾನು ಆಡಿದ ಮಾತು ನೆನಪಾಯಿತೋ ಏನೋ, ನಾನು ಲೋಟಕ್ಕೆ ಏನಾದರೂ ಬೆರೆಸಬಲ್ಲೆ ಅಂತ ಒಂದು ಕ್ಷಣ ಇವರು ನಂಬಿದರು. ನಂಬಿ, ನನ್ನ ಪಕ್ಕಕ್ಕೇ ನಿಂತರು. ಇದರಲ್ಲಿ ಯಾವುದಕ್ಕೆ ಅಳಬೇಕು ಅಂತ ನನಗೆ ತಿಳಿಯುತ್ತಿಲ್ಲ. ನನ್ನ ಬಾಯಿಂದ ಆಗ "ನಾನೇನೂ ಮಾಡಿಲ್ಲ" ಅಂತ ಬಂತು. ಗಂಡನ ಮುಂದೆ ಯಾವ ಹೆಂಡತಿಯಾದರೂ ಆಡುವ ಮಾತಾ ಅದು?

ಇವರು ಆ ಮೇಲೆ ಅದರ ಸುದ್ದಿ ಎತ್ತಿಲ್ಲ. ನಾನೂ ಎತ್ತಿಲ್ಲ. ದಿನಾ ಬೆಳಿಗ್ಗೆ ನನಗಿಂತ ಮೊದಲು ಎದ್ದು ಟೀ ಮಾಡಿ ತಂದು ಕೊಡುತ್ತಾರೆ. ಕುಡಿದು ಲೋಟ ಕೆಳಗಿಡುವವರೆಗೂ ಅಲ್ಲೇ ಇರುತ್ತಾರೆ.

ಈಗಷ್ಟೇ ಬಾಗಿಲಿಗೆ ಬಂದು, "ಅಕ್ಕನಿಗಾ?" ಅಂತ ಕೇಳಿದರು. ಹೂಂ ಅಂದೆ. "ಎಲ್ಲಾನೂ ಬರೆದೆಯಾ?" ಅಂದರು. "ಎಲ್ಲಾನೂ" ಅಂದೆ. ಅಲ್ಲೇ ನಿಂತಿದ್ದಾರೆ ಅಕ್ಕ. ಒಳಗೂ ಬರುತ್ತಿಲ್ಲ, ಹೋಗುತ್ತಲೂ ಇಲ್ಲ.